ಕರಿಕಲ್ಲೇರಿನಲ್ಲಿ ನಿಲ್ಲುವ ಗಾಡಿ

"ಕಬ್ಬಿಣಕ್ಕೆ ದೆವ್ವ ಹಿಡಿಯಾಕಿಲ್ಲ ಕಣ್ಲಾ, ತುಕ್ಕು ಹಿಡಿಯೋದು."

ಮದ್ದೂರಿನ ಮಳವಳ್ಳಿ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಹಳೆಯ ಬೈಕುಗಳನ್ನು ರಿಪೇರಿ ಮಾಡುವ ಮಾದಯ್ಯನ ಮಾತಿದು. ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದ ಗಾಡಿಯಾದರೆ ಮೊದಲು ಅದನ್ನು ಕಿತ್ತು ಚರಂಡಿಗೆ ಎಸೆದ ಮೇಲೇ ಅವನು ಸ್ಪ್ಯಾನರ್ ಹಿಡಿಯುವುದು. ಬಾಯಿ ಬಲು ಒರಟು, ಆದರೆ ಆ ಬಾಯಲ್ಲಿ ಸುಳ್ಳು ಬರುವುದಿಲ್ಲ. ಕೆಟ್ಟಿರುವುದು ಕೇಬಲ್ಲಾದರೆ ಕೇಬಲ್ಲು ಎನ್ನುತ್ತಾನೆ. ಓಡಿಸುವವನೇ ಸರಿಯಿಲ್ಲದಿದ್ದರೆ "ಗಾಡಿ ನೆಟ್ಟಗದೆ, ಕೆಟ್ಟಿರೋನು ನೀನು" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತಾನೆ. ಬೈಸಿಕೊಂಡವರೇ ಮರುವರ್ಷ ಮತ್ತೆ ಬರುತ್ತಾರೆ.

ಅಂಥ ಮಾದಯ್ಯ ಒಂದು ಸಲ ದೆವ್ವದ ಪರವಾಗಿ ಸಾಕ್ಷಿ ಹೇಳಿದ.

ಆಗಿನ್ನೂ ಯುಗಾದಿ ಕಳೆದಿತ್ತಷ್ಟೆ. ದೀಪಿಕ ಎಂಬ ಹುಡುಗಿ ಅಂಗಡಿಗೆ ಬಂದು, ತಾನು ಪುಟ್ಟಸ್ವಾಮಿಯ ಮಗಳು ಎಂದಳು. ಮಾದಯ್ಯ ಕೈಯ ಗ್ರೀಸು ಒರೆಸಿಕೊಂಡು ಎದ್ದುನಿಂತ. ಪುಟ್ಟಸ್ವಾಮಿ ಅವನ ಹಳೆಯ ಗೆಳೆಯ. ಕಾರ್ತೀಕದಲ್ಲಿ ತನ್ನ ನೂರು ಸಿಸಿ ಗಾಡಿಯಲ್ಲಿ ಊರಿನಿಂದ ಮದ್ದೂರಿಗೆ ಬರುತ್ತಿದ್ದವನು ಕರಿಕಲ್ಲೇರಿನ ನಡುಮಧ್ಯದಲ್ಲಿ, ಹಿಂದೆ ಬರುತ್ತಿದ್ದ ಕಬ್ಬಿನ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಗಾಡಿಗೆ ಮಾತ್ರ ಹ್ಯಾಂಡಲ್ ಸೊಟ್ಟಗಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ಮಾವ, ಆ ಗಾಡಿ ಏರು ಹತ್ತಾಕಿಲ್ಲ," ಎಂದಳು ದೀಪಿಕ. "ಅಪ್ಪ ಬಿದ್ದ ಜಾಗಕ್ಕೆ ಬಂದ್ರೆ ನಿಂತೋಯ್ತದೆ. ಎಂಜಿನ್ ಅರಚ್ಕತದೆ, ಗಾಡಿ ಕದಲಾಕಿಲ್ಲ. ಬೆಳಿಗ್ಗೆ ಕ್ಲಚ್ ಹಿಡ್ಕಂಡೇ ಗೇರ್ ಹಾಕುದ್ರೂ ಮುಂದಕ್ಕೆ ನೆಗೀತದೆ, ಯಾರೋ ಹಿಂದಿನಿಂದ ನೂಕ್ದಂಗೆ. ದೀಪಾವಳೀಲಿ ಅಪ್ಪನೂ ಇದ್ನೇ ಏಳ್ತಿತ್ತು."

ಊರವರು ಸುಮ್ಮನಿರುತ್ತಾರೆಯೇ? ದೇವರ ಬಸಪ್ಪನನ್ನು ಕರೆಸಿದ್ದರು. ಆ ಕಡೆ ಜಮೀನಿನ ವ್ಯಾಜ್ಯವಿರಲಿ, ಮಗಳ ಸಂಬಂಧವಿರಲಿ, ಕೊನೆಗೆ ಕೇಳುವುದು ಗುಡಿಗೆ ಬಿಟ್ಟ ಆ ಬಸವನನ್ನೇ. ಬಸಪ್ಪ ಗಾಡಿಯನ್ನು ಸುತ್ತುಹಾಕಿ, ತಲೆ ಬಗ್ಗಿಸಿ, ಎಂಜಿನ್ನನ್ನು ಒಮ್ಮೆ ನೆಕ್ಕಿ, ಗಾಡಿಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ಸರಿದಿದ್ದ. ಪುಟ್ಟಸ್ವಾಮಿ ಅದರೊಳಗೇ ಇದ್ದಾನೆ ಎಂದು ಜನ ಅಡ್ಡಬಿದ್ದರು. ದೀಪಿಕಳ ತಾಯಿ ಚಿಕ್ಕಬೋರಮ್ಮ, ಬರುವ ಶನಿವಾರ ಗಾಡಿಯನ್ನು ಗುಜರಿಗೆ ಹಾಕಿಬಿಡುವುದೆಂದು ಹಟ ಹಿಡಿದಿದ್ದಳು. ಗಾಡಿ ಹೋದರೆ ದೀಪಿಕಳ ಕೆಲಸವೂ ಹೋದಂತೆಯೇ. ಮದ್ದೂರಿನ ರಕ್ತಪರೀಕ್ಷೆಯ ಲ್ಯಾಬಿನ ಬಾಗಿಲನ್ನು ಅವಳು ತೆಗೆಯಬೇಕಾದದ್ದು ಊರಿನ ಮೊದಲ ಬಸ್ಸು ಹೊರಡುವುದಕ್ಕೂ ಮುಂಚೆ.

"ಅವ್ವ ಯಾರ್ ಮಾತೂ ಕೇಳ್ತಿಲ್ಲ. ಮಾದಯ್ಯಣ್ಣ ಬಂದು ನೋಡಿ ಏಳ್ಲಿ, ನಂಬ್ತೀನಿ ಅಂತದೆ."

"ಬತ್ತೀನಿ ನಡಿ," ಎಂದ ಮಾದಯ್ಯ. ಹೊಸ ಕ್ಲಚ್ ಪ್ಲೇಟಿನ ಸೆಟ್ಟೊಂದನ್ನೂ ಎಂಜಿನ್ ಆಯಿಲಿನ ಡಬ್ಬವನ್ನೂ ಚೀಲಕ್ಕೆ ಹಾಕಿಕೊಂಡು ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದ.

ಗಾಡಿ ಕೊಟ್ಟಿಗೆಯ ಮೂಲೆಯಲ್ಲಿತ್ತು. ಟ್ಯಾಂಕಿನ ಮೇಲೆ ಕುಂಕುಮ, ಕನ್ನಡಿಗೆ ಒಣಗಿದ ತುಳಸಿಹಾರ. ಮಾದಯ್ಯ ಹಾರ ಕೀಳಲು ಕೈಯೆತ್ತಿದವನು ಚಿಕ್ಕಬೋರಮ್ಮನ ಮುಖ ನೋಡಿ ಸುಮ್ಮನಾದ. ಅಂಗಳಕ್ಕೆ ತಳ್ಳಿಕೊಂಡು ಬಂದು ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ತಿರುಗಿಸಿ ಚೈನಿನ ಸಡಿಲು ನೋಡಿದ. ಸರಿಯಾಗಿತ್ತು. ಸ್ಪ್ರಾಕೆಟ್ಟಿನ ಹಲ್ಲು ಸವೆದಿರಲಿಲ್ಲ. ಕ್ಲಚ್ ಕೇಬಲ್ಲೂ ಹದವಾಗಿತ್ತು. ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ಪೂರಾ ಹಿಡಿದುಕೊಂಡೇ ಗೇರಿಗೆ ಹಾಕಿದ. ನಿಲ್ಲಬೇಕಾಗಿದ್ದ ಚಕ್ರ ಸಾವಕಾಶವಾಗಿ ತಿರುಗತೊಡಗಿತು. ಕಾಲನ್ನು ಟಯರಿಗೆ ಒತ್ತಿ ಹಿಡಿದ. ಚಕ್ರ ಕಾಲನ್ನೇ ಪಕ್ಕಕ್ಕೆ ತಳ್ಳಿ ತಿರುಗಿತು.

"ನೋಡಣ್ಣಯ್ಯ," ಎಂದಳು ಚಿಕ್ಕಬೋರಮ್ಮ, ಸೆರಗನ್ನು ಬಾಯಿಗೆ ಒತ್ತಿಕೊಂಡು.

"ಒಳಗೆ ಪ್ಲೇಟು ಅಂಟ್ಕಂಡವೆ, ಅಷ್ಟೇಯ. ಏರ್ಗೆ ಓಗ್ಬತ್ತೀನಿ, ತಡಿ."

ಕರಿಕಲ್ಲೇರಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಎರಡೂ ಬದಿಗೆ ಆಳೆತ್ತರದ ಕಬ್ಬು, ಒಂದು ಗರಿಯೂ ಅಲುಗುತ್ತಿರಲಿಲ್ಲ. ಮುಂದೆ ಹಿಂದೆ ಒಂದು ವಾಹನವಿಲ್ಲ. ಅರ್ಧ ಏರು ಗಾಡಿ ಚೆನ್ನಾಗಿಯೇ ಹತ್ತಿತು. ಆಮೇಲೆ ಎಂಜಿನ್ನಿನ ದನಿ ತಾನಾಗಿಯೇ ಮೇಲಕ್ಕೇರಿತು, ಗಾಡಿಯ ವೇಗ ಇಳಿಯುತ್ತಾ ಬಂತು. ಮಾದಯ್ಯ ಆಕ್ಸಿಲರೇಟರ್ ತಿರುವಿದಷ್ಟೂ ಅದು ಅರಚಿತು, ಆದರೆ ಮುಂದಕ್ಕೆ ಹೋಗಲಿಲ್ಲ. ಲಾರಿಯ ಗಾಜಿನ ಪುಡಿ ಇನ್ನೂ ಮಿನುಗುತ್ತಿದ್ದ ಜಾಗದಲ್ಲಿ ನಿಂತುಬಿಟ್ಟಿತು.

ಆಗ ಅವನ ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯಿತು. ತಲೆಗೆ ಎಣ್ಣೆ ತಟ್ಟಿಸಿಕೊಂಡವನೊಬ್ಬ ಬೆನ್ನ ಹಿಂದೆಯೇ ಕೂತು ಭುಜದ ಮೇಲಿಂದ ಬಗ್ಗಿ ನೋಡುತ್ತಿರುವ ಹಾಗೆ, ಬೆಚ್ಚಗೆ. ಪುಟ್ಟಸ್ವಾಮಿ ಶನಿವಾರ ತಪ್ಪದೆ ಎಣ್ಣೆ ನೀರು ಹಾಕಿಕೊಳ್ಳುತ್ತಿದ್ದ. ಅಂಗಡಿಗೆ ಬಂದರೆ ಈ ವಾಸನೆಗೇ ಮಾದಯ್ಯ ಅವನನ್ನು ಗೇಲಿ ಮಾಡುತ್ತಿದ್ದ.

ತಿರುಗಿ ನೋಡಿದ. ಹಿಂದಿನ ಸೀಟು ಖಾಲಿ. ಕಬ್ಬು ಹಾಗೆಯೇ ನಿಂತಿತ್ತು. ಸುಳ್ಳೇಕೆ, ಮಾದಯ್ಯನಿಗೆ ಜೀವ ಬಾಯಿಗೆ ಬಂತು.

"ಬುಡ್ಲಾ ಪುಟ್ಟಸ್ವಾಮಿ," ಎಂದುಬಿಟ್ಟ. ತನ್ನ ದನಿ ತನಗೇ ಕೇಳಿಸಿ ಮೈ ಇನ್ನಷ್ಟು ಜುಮ್ಮೆಂದಿತು. ಗಾಡಿಯನ್ನು ತಿರುಗಿಸಿಕೊಂಡು ಇಳಿಜಾರಿನಲ್ಲಿ ಹಾಗೇ ಬಿಟ್ಟುಕೊಂಡು ಬಂದ. ಊರು ಸಿಗುವವರೆಗೂ ಕನ್ನಡಿ ನೋಡಲಿಲ್ಲ.

ಅಂಗಳದಲ್ಲಿ ಕೂತು ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚತೊಡಗಿದ. ದೀಪಿಕ ತಟ್ಟೆ ಹಿಡಿದಿದ್ದಳು. ಮುಚ್ಚಳ ಕಳಚಿದ್ದೇ ತಡ, ಅದೇ ವಾಸನೆ ಗಪ್ಪೆಂದು ಎದ್ದಿತು. ಮಾದಯ್ಯ ಒಳಗೆ ಬೆರಳಾಡಿಸಿ ಮೂಸಿದ. ಹರಳೆಣ್ಣೆ! ಕ್ಲಚ್ಚಿನ ಪ್ಲೇಟುಗಳೆಲ್ಲ ಹಲಸಿನ ಅಂಟು ಹತ್ತಿದಂತೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಎಂಜಿನ್ ತಣ್ಣಗಿದ್ದಾಗ ಅಂಟಿಕೊಂಡು ಗಾಡಿಯನ್ನು ಎಳೆಯುತ್ತವೆ; ಕಾದ ಮೇಲೆ, ಏರಿನಲ್ಲಿ ಭಾರ ಬಿದ್ದಾಗ, ಒಂದರ ಮೇಲೊಂದು ಜಾರುತ್ತವೆ, ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವುದಿಲ್ಲ. ಊರಿನಿಂದ ಹೊರಟ ಗಾಡಿ ಪೂರಾ ಕಾಯುವ ಹೊತ್ತಿಗೆ ಸಿಗುವುದೇ ಆ ಏರು. ಬಸಪ್ಪ ನೆಕ್ಕಿದ್ದೂ ಇದನ್ನೇ.

ಹೋದ ಜೀವ ಬಂದಂತಾಗಿ ಮಾದಯ್ಯ ಗಟ್ಟಿಯಾಗಿ ನಕ್ಕ. "ಸಿಕ್ತು ಕಣವ್ವ ನಿಮ್ ದೆವ್ವ! ಎಂಜಿನ್ಗೆ ಹರಳೆಣ್ಣೆ ಉಯ್ದಿರೋ ಪುಣ್ಯಾತ್ಮ ಯಾವನು?"

"ನಾನೇ ಕಣಣ್ಣಯ್ಯ," ಎಂದಳು ಚಿಕ್ಕಬೋರಮ್ಮ.

ಅವಳ ಮುಖದಲ್ಲಿ ಅಳುಕಿರಲಿಲ್ಲ. ಅದು ಮುತ್ತತ್ತಿಯ ಆಂಜನೇಯನಿಗೆ ಅವಳು ಹೊತ್ತ ಹರಕೆ. ಶನಿವಾರ ಶನಿವಾರ ದೀಪಕ್ಕೆ ಹಾಕಿ ಮಿಕ್ಕ ಎಣ್ಣೆಯನ್ನು, ಮಗುವಿಗೆ ಕುಡಿಸುವ ಒಳಲೆಯಲ್ಲಿ ಅಳೆದು, ಪ್ರಸಾದವೆಂದು ಗಾಡಿಯ ಎಣ್ಣೆಬಾಯಿಗೆ ಬಿಡುತ್ತಿದ್ದಳು. "ಅವ್ರು ನೋಡುದ್ರೆ ಬೈತಾರೆ ಅಂತ ಕದ್ದು ಉಯ್ತಿದ್ದೆ. ರೋಡ್ನಲ್ಲಿ ಓಗೋ ಬರೋ ಜೀವ, ಕಾಪಾಡಪ್ಪಾ ಅಂತ."

ಮಾದಯ್ಯನ ನಗು ನಿಂತಿತು.

"ಯಾವಾಗ್ಲಿಂದ ಉಯ್ತಾ ಇದ್ದೀಯೆ ತಾಯಿ?"

"ಸ್ರಾವಣದಿಂದ ಕಣಣ್ಣಯ್ಯ."

ಶ್ರಾವಣ. ದೀಪಾವಳಿಗೆ ಪುಟ್ಟಸ್ವಾಮಿ, ಯಾರೋ ನೂಕಿದಂತಾಗುತ್ತದೆ ಎಂದಿದ್ದ. ಕಾರ್ತೀಕದಲ್ಲಿ ಏರು. ಲಾರಿಯ ಡ್ರೈವರು ಪೊಲೀಸರ ಮುಂದೆ, ಮುಂದಿದ್ದ ಗಾಡಿ ಎಂಜಿನ್ ಅರಚುತ್ತಾ ಅರಚುತ್ತಾ ಗಕ್ಕನೆ ನಿಂತುಬಿಟ್ಟಿತೆಂದು ಕೈಮುಗಿದು ಅತ್ತಿದ್ದನಂತೆ. ತಪ್ಪಿಸಿಕೊಳ್ಳಲು ಕಟ್ಟಿದ ಕತೆ ಎಂದು ಮಾದಯ್ಯನೂ ಅವನನ್ನು ಬೈದಿದ್ದ.

ದೀಪಿಕಳ ಕೈಯಲ್ಲಿ ಒರೆಸುತ್ತಿದ್ದ ಪ್ಲೇಟು ಹಾಗೇ ಉಳಿಯಿತು. ಅವಳಿಗೂ ಹೊಳೆದಿತ್ತು. ನೋಡಬಾರದೆಂದುಕೊಂಡರೂ ಮಾದಯ್ಯ ಅವಳ ಮುಖ ನೋಡಿದ, ನೋಡಿ ನೆಲ ನೋಡಿದ. ಏರಿನಲ್ಲಿ ಆದ ಹೆದರಿಕೆ ಈ ಹೆದರಿಕೆಯ ಮುಂದೆ ಏನೂ ಅಲ್ಲ.

"ಯಾಕಣ್ಣಯ್ಯ? ತಪ್ಪಾಯ್ತಾ?" ಚಿಕ್ಕಬೋರಮ್ಮ ಹತ್ತಿರ ಬಂದಳು. "ಎಣ್ಣೆಯಿಂದ ಏನಾರ ಆಯ್ತಾ? ನೀವ್ ಏಳುದ್ರೆ ನಂಬ್ತೀನಿ."

ಮಾದಯ್ಯ ಸ್ಪ್ರಿಂಗೊಂದನ್ನು ಎತ್ತಿಕೊಂಡು, ಒರೆಸಿ, ಮತ್ತೆ ಅಲ್ಲೇ ಇಟ್ಟ.

"ಎಣ್ಣೆಯಿಂದ ಏನೂ ಆಗಿಲ್ಲ ಕಣ್ ತಾಯಿ," ಎಂದ. "ಪುಟ್ಟಸ್ವಾಮೀನೇಯ. ಏರ್ನಲ್ಲಿ ನನ್ ಬೆನ್ನಿಂದೆ ಕೂತಿದ್ದ. ನಂಗೇ ಗೊತ್ತಾಯ್ತು."

ಚಿಕ್ಕಬೋರಮ್ಮ ಗಾಡಿಗೆ ಕೈಮುಗಿದಳು.

"ಆ ವಾಸ್ನೆಗೆ ಬತ್ತಾವ್ನೆ ಅವ್ನು. ನೀನು ಉಯ್ತಾ ಇರೋಗಂಟ ಅವ್ನಿಗೂ ಬುಡುಗಡೆ ಇಲ್ಲ, ಗಾಡಿಗೂ ಇಲ್ಲ. ಇನ್ಮೇಲೆ ಉಯ್ಬ್ಯಾಡ. ಗಾಡಿ ಮಗಿಗಿರ್ಲಿ."

ಆಮೇಲೆ ಅವನು ತಲೆಯೆತ್ತಲಿಲ್ಲ. ಒಳಗನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದ, ಹೊಸ ಪ್ಲೇಟು ಕೂರಿಸಿದ, ಹೊಸ ಆಯಿಲ್ ಹಾಕಿದ. ಕೈಯಲ್ಲಿ ತಿರುಗಿಸಿದರೆ ಸಾಕಾಗಿದ್ದ ಎಣ್ಣೆಬಾಯಿಯ ಮುಚ್ಚಳವನ್ನು ಇಕ್ಕಳದಲ್ಲಿ ಹಿಡಿದು ಬಿಗಿದ. ದೀಪಿಕ ಗಾಡಿ ತೆಗೆದುಕೊಂಡು ಏರಿನ ಕಡೆ ಹೋದಳು. ಏರು ಹತ್ತಿ, ಆಚೆಗಿಳಿದು, ಹಿಂದಿರುಗಿ ಬಂದಳು. ಹಾರ್ನ್ ಹೊಡೆಯಲಿಲ್ಲ, ನಗಲಿಲ್ಲ.

"ನಿಲ್ನಿಲ್ಲ," ಎಂದಳು ಅಷ್ಟೇ.

ಚಿಕ್ಕಬೋರಮ್ಮ ಗಾಡಿಯ ಸೀಟನ್ನು ಸವರಿದಳು. "ಅಂಗಾರೆ, ನಾನು ಎಣ್ಣೆ ಉಯ್ಯದೆ ಇದ್ರೆ ಅವ್ರು ಇನ್ನ ಬರಾಕೇ ಇಲ್ವಾ?"

ಮಾದಯ್ಯ ಹಳೆಯ ಪ್ಲೇಟುಗಳನ್ನು ಚೀಲಕ್ಕೆ ತುಂಬತೊಡಗಿದ.

"ಬರಾಕಿಲ್ಲ ಕಣವ್ವ," ಎಂದಳು ದೀಪಿಕ. "ಮಾವ ಸುಳ್ಳೇಳಾಕಿಲ್ಲ."

ಚಿಕ್ಕಬೋರಮ್ಮ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಅರ್ಧ ತುಂಬಿದ ಹರಳೆಣ್ಣೆಯ ಬಾಟಲಿಯೂ ಆ ಒಳಲೆಯೂ ಇದ್ದವು.

"ತಕ್ಕಂಡೋಗಿ ಅಣ್ಣಯ್ಯ. ಮನೇಲಿದ್ರೆ ನನ್ ಕೈ ತಡಿಯಾಕಿಲ್ಲ."

ಮಾದಯ್ಯ ಎರಡನ್ನೂ ಚೀಲದ ತಳಕ್ಕೆ, ಹಳೆಯ ಪ್ಲೇಟುಗಳ ಪಕ್ಕಕ್ಕಿಟ್ಟುಕೊಂಡು ಮದ್ದೂರಿನ ಬಸ್ಸು ಹತ್ತಿದ.