ಒಣಗಿದ್ದ ಸೋಸುಬಟ್ಟೆ

ನಾನು ಬರೆದ ಒಂದೇ ಒಂದು ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ. ಓದಿದವರೆಲ್ಲ ಕೊನೆ ಸಮಾಧಾನ ಕೊಟ್ಟಿತು ಎನ್ನುತ್ತಾರೆ. ಅವರ ಸಮಾಧಾನ ಕಂಡರೆ ನನಗೆ ಮೈ ಉರಿಯುತ್ತದೆ.

ಕಥೆ ನಡೆಯುವುದು ಪುತ್ತಿಗೆಯಲ್ಲಿ ಅರಸರಿದ್ದ ಕಾಲದಲ್ಲಿ. ಬಸದಿಯಲ್ಲಿ ಓಲೆಗರಿ ನಕಲು ಮಾಡುವ ತರುಣನೊಬ್ಬ ಬೆಳಿಗ್ಗೆ ಬಾವಿಯಲ್ಲಿ ಹೆಣವಾಗಿ ಸಿಗುತ್ತಾನೆ. ಕೊಡವೂ ಹಗ್ಗವೂ ಅವನ ಜೊತೆಗೇ ನೀರಿನಲ್ಲಿರುತ್ತವೆ. ರಾತ್ರಿ ನೀರು ಸೇದಲು ಹೋಗಿ ಜಾರಿದ ಎಂದು ಊರು ತೀರ್ಮಾನಿಸುತ್ತದೆ. ಆ ದಾರಿಯಾಗಿ ಬಂದ ಜೈನ ಮುನಿಯೊಬ್ಬರು ಬಾವಿಯೊಳಗೆ ಇಣುಕುವುದೇ ಇಲ್ಲ. ತರುಣನ ಕೋಣೆಯ ಗೂಟದಲ್ಲಿ ನೇತಾಡುವ, ಅವನು ಕುಡಿಯುವ ನೀರು ಸೋಸುತ್ತಿದ್ದ ಸೋಸುಬಟ್ಟೆಯನ್ನು ಮುಟ್ಟಿ ನೋಡುತ್ತಾರೆ. ಅದು ಗರಿಗರಿ ಒಣಗಿದೆ. ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಕುಡಿಯದವನು, ಸೋಸದ ನೀರನ್ನು ಮುಟ್ಟದವನು, ಸೋಸುಬಟ್ಟೆಯನ್ನು ಗೂಟದಲ್ಲೇ ಬಿಟ್ಟು ರಾತ್ರಿ ಬಾವಿಗೆ ಯಾಕೆ ಹೋದ? ಹೋಗಲಿಲ್ಲ, ಒಯ್ದು ಹಾಕಿದರು, ಕೊಡವನ್ನು ಆಮೇಲೆ ಎಸೆದರು. ನಮ್ಮ ರೀತಿ ರಿವಾಜು ತಿಳಿಯದವನ ಕೆಲಸ ಇದು ಎಂದು ಮುನಿ ಹೇಳುವಾಗ ಕೊಲೆಗಾರ ಗುಂಪಿನಿಂದ ಜಾರಿಕೊಳ್ಳಲು ನೋಡಿ ಸಿಕ್ಕಿಬೀಳುತ್ತಾನೆ.

ಮೂಡುಬಿದಿರೆಯ ಪ್ರಕಾಶಕರು ಫೋನ್ ಮಾಡಿದರು. "ನಿಮ್ಮ ಮುನಿ ಭಾರಿ ಚುರುಕು ಮಾರಾಯ್ರೆ. ಆ ಬಟ್ಟೆಯ ವಿಷಯ ಎಲ್ಲಿಂದ ಹೊಳೆಯಿತು ನಿಮಗೆ?" ಹೀಗೇ ಹೊಳೆಯಿತು ಎಂದೆ.

ಹೊಳೆದದ್ದಲ್ಲ. ನನ್ನ ತಮ್ಮ ಬೆಳ್ತಂಗಡಿಯ ಹೊರಗೆ ಒಂದು ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದ. ಒಬ್ಬ ಪಾಲುದಾರನ ಜೊತೆ ರಬ್ಬರ್ ಶೀಟು ಕೊಂಡು ಮಾರುವುದು ಅವನ ಕೆಲಸ. ಒಂದು ಸಂಜೆ ಇಬ್ಬರಿಗೂ ಜೋರು ಜಗಳವಾಯಿತು, ಆಚೆ ಮನೆಗೂ ಕೇಳಿಸಿತು. ಮರುದಿನ ಬೆಳಿಗ್ಗೆ ತಮ್ಮ ಬಾವಿಯಲ್ಲಿದ್ದ, ಕೊಡಪಾನವೂ ಇತ್ತು.

ನಮ್ಮೂರು ಶಿರ್ತಾಡಿಯಿಂದ ಅಮ್ಮನೂ ನಾನೂ ಹೋಗಿ ಮುಟ್ಟುವಾಗ ಅವನನ್ನು ಮೇಲೆತ್ತಿ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಪೊಲೀಸರು ಇನ್ನೂ ಬಂದಿರಲಿಲ್ಲ. ಮುಖದ ತುಂಬ ಕೆಸರು. ಆಚೆ ಮನೆಯ ಹೆಂಗಸು ಒಂದು ಬಕೆಟ್ ನೀರು ತಂದಿಟ್ಟಳು. ಆ ನೀರನ್ನು ಹಾಗೇ ಮಗನ ಮುಖಕ್ಕೆ ಹಾಕುವವಳಲ್ಲ ನಮ್ಮಮ್ಮ. ಸುತ್ತ ನೋಡಿದಳು. ಅಡುಗೆಮನೆಯ ಬಾಗಿಲ ಪಕ್ಕದ ಹಗ್ಗದಲ್ಲಿ ಅವನ ಸೋಸುಬಟ್ಟೆ ಇತ್ತು, ಹಪ್ಪಳದ ಹಾಗೆ ಒಣಗಿ. ಅದನ್ನೇ ಎಳೆದುಕೊಂಡು, ಎರಡು ಮಡಿಕೆ ಮಾಡಿ, ಪಾತ್ರೆಯ ಬಾಯಿಗೆ ಹಾಸಿ ನೀರು ಸೋಸಿದಳು. ಕಿವಿಯ ಹಿಂದೆಯೂ ಬಿಡದೆ ತೊಳೆದಳು. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಆಚೆ ಮನೆಯ ಬಾವಿಗೆ ನಡೆದುಹೋಗಿ, ನೀರು ಬಂದಲ್ಲಿಗೇ ಅವನ್ನು ಬಿಟ್ಟು ಬಂದಳು. ಬಟ್ಟೆಯನ್ನು ಹಿಂಡದೆ ಮತ್ತೆ ಅದೇ ಹಗ್ಗಕ್ಕೆ ಹಾಕಿದಳು. ನಾನು ನೋಡುತ್ತಾ ನಿಂತಿದ್ದೆ. ಆಗ ನನಗೂ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಬಂದ ಪೊಲೀಸಿನವರಿಗೆ ಗೇಟಿನ ಹತ್ತಿರ ನಿಂತು ಅವನ ವ್ರತದ ವಿಷಯ ಹೇಳಿದೆ: ಕತ್ತಲಾದ ಮೇಲೆ ನೀರು ಕುಡಿಯುವವನಲ್ಲ, ಸೋಸುಬಟ್ಟೆ ಬಿಟ್ಟು ಬಾವಿಗೆ ಹೋಗುವವನೂ ಅಲ್ಲ.

"ಬಟ್ಟೆ ಒದ್ದೆ ಉಂಟಲ್ಲ ಮೇಡಂ. ಒಂದು ಕೊಡ ಸೇದಿ ಸೋಸಿದ್ದಾರೆ, ಇನ್ನೊಂದಕ್ಕೆ ಹೋಗುವಾಗ ಜಾರಿದ್ದಾರೆ."

"ಅದು ಅಮ್ಮ ಈಗ ಒದ್ದೆ ಮಾಡಿದ್ದು. ಮೊದಲು ಒಣಗಿತ್ತು, ನಾನೇ ನೋಡಿದ್ದೇನೆ."

"ನೀವು ಅಕ್ಕ ಅಲ್ವಾ," ಎಂದರು ಅವರು, ಮೆತ್ತಗೆ. ಆಚೆ ಮನೆಯ ಹೆಂಗಸನ್ನು ಕೇಳಿದರೆ, ಒಣಗಿತ್ತೋ ಇಲ್ಲವೋ ತಾನು ಗಮನಿಸಲಿಲ್ಲ ಎಂದಳು. ಜಾರಿ ಬಿದ್ದು ಸಾವು ಎಂದು ಬರೆದು ಮುಗಿಸಿದರು. ಈ ಮಾತನ್ನೆಲ್ಲ ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಿ ಏನು ಪ್ರಯೋಜನ?

ಆ ಪಾಲುದಾರ ಈಗ ಬಂಟ್ವಾಳ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ನಾನು ಎದುರು ಸಿಕ್ಕಿದರೆ, "ಅಮ್ಮ ಹೇಗಿದ್ದಾರೆ?" ಎಂದು ವಿಚಾರಿಸುತ್ತಾನೆ. "ಇದ್ದಾರೆ," ಎನ್ನುತ್ತೇನೆ. ಅವನೇ ಎಂದು ನನ್ನ ಮನಸ್ಸು ಹೇಳುತ್ತದೆ. ಮನಸ್ಸು ಹೇಳಿದ್ದನ್ನು ಯಾವ ಠಾಣೆಯಲ್ಲೂ ಬರೆದುಕೊಳ್ಳುವುದಿಲ್ಲ.

ಆ ಮುನಿಯನ್ನು ನಾನು ಭಕ್ತಿಯಿಂದ ಸೃಷ್ಟಿಸಲಿಲ್ಲ, ಸಿಟ್ಟಿನಿಂದ ಸೃಷ್ಟಿಸಿದೆ. ಒಬ್ಬರಾದರೂ ಹೊತ್ತಿಗೆ ಸರಿಯಾಗಿ ಬಂದು ಆ ಬಟ್ಟೆಯನ್ನು ಮುಟ್ಟಿ ನೋಡಬೇಕಿತ್ತು ನನಗೆ. ಬರೆದು ಮುಗಿಸಿದರೆ ಎದೆ ಹಗುರಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಪುಸ್ತಕದ ಕೊಲೆಗಾರನನ್ನು ಹಿಡಿದುಕೊಟ್ಟ ಮೇಲೆ ಬಂಟ್ವಾಳದವನು ಇನ್ನಷ್ಟು ಆರಾಮವಾಗಿ ಓಡಾಡುತ್ತಿದ್ದಾನೆ ಅನಿಸಿತು.

ಪುಸ್ತಕ ಬಂದದ್ದು ಅಮ್ಮನಿಗೆ ಹೇಗೋ ಗೊತ್ತಾಯಿತು. ಈಗ ಅವಳಿಗೆ ಅಕ್ಷರ ಕಾಣುವುದಿಲ್ಲ. ಓದಿ ಹೇಳು ಎಂದು ಹಟ ಹಿಡಿದಳು. ಮಧ್ಯಾಹ್ನಗಳಲ್ಲಿ ಸ್ವಲ್ಪಸ್ವಲ್ಪವೇ ಓದಿದೆ. ಒಮ್ಮೆಯೂ ಬಾಯಿ ಹಾಕಲಿಲ್ಲ ಅವಳು. ಕೊನೆಯ ಪುಟ ಮುಗಿಯುವಾಗ ಸಂಜೆಯಾಗಿತ್ತು. ದಿನದ ಕಡೆಯ ನೀರಿನ ಲೋಟ ಅವಳ ಕೈಯಲ್ಲಿತ್ತು.

"ಆ ಹುಡುಗನಿಗೆ ಅಮ್ಮ ಇಲ್ಲವಾ?" ಎಂದು ಕೇಳಿದಳು.

"ಇಲ್ಲ. ಅವನು ಸಣ್ಣವನಿರುವಾಗಲೇ ಹೋದಳು ಅಂತ ಬರೆದಿದ್ದೇನೆ."

ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ ಕೂತಳು.

"ಒಳ್ಳೆಯದಾಯಿತು," ಎಂದಳು. "ಇದ್ದಿದ್ದರೆ ಆ ಬಟ್ಟೆಯನ್ನು ಒದ್ದೆ ಮಾಡುತ್ತಿದ್ದಳು."

ಅಷ್ಟು ಹೊತ್ತಿಗೆ ಸೂರ್ಯ ಮುಳುಗಿದ್ದ. ಅವಳು ಲೋಟವನ್ನು ಹಾಗೇ ಕೆಳಗಿಟ್ಟಳು.