ಬಲಗೈ ಹೋದ ಮೇಲಿನ ಆಟ

ನಾನು ಮೊದಲು ಆಡುತ್ತಿದ್ದದ್ದು ಕಬಡ್ಡಿ. ಆಲೂರಿನಲ್ಲಿ ಕಾಲೇಜುಗಳ ಫೈನಲ್ ನಡೆದ ದಿನ ರೈಡಿಗೆ ಹೋದ ನನ್ನ ಮೇಲೆ ಮೂವರು ಬಿದ್ದರು. ಇಬ್ಬರು ಸೊಂಟ ಹಿಡಿದರು, ಇನ್ನೊಬ್ಬಳು ಬೇಕೆಂದೇ ನನ್ನ ಮಂಡಿಯ ಮೇಲೆ ಮೈಭಾರ ಬಿಟ್ಟಳು. ಒಳಗೆ ಏನೋ ಹರಿದದ್ದು ನನಗೇ ಕೇಳಿಸಿತು. ಬಿದ್ದಲ್ಲಿಂದಲೇ ಅವಳ ಮೂತಿಗೆ ಗುದ್ದಿದೆ. ಪಂದ್ಯ ನೋಡಲು ಬಂದಿದ್ದ ಎರಡೂ ಕಾಲೇಜಿನ ಹುಡುಗರು ಪ್ಲಾಸ್ಟಿಕ್ ಕುರ್ಚಿ ಮುರಿಯುವ ತನಕ ಬಡಿದಾಡಿಕೊಂಡರು. ಓಡುವ ಆಟ, ಹಾರುವ ಆಟ ಇನ್ನು ಮರೆತುಬಿಡಮ್ಮ ಎಂದರು ಡಾಕ್ಟರು.

ನಮ್ಮ ಪಿ.ಟಿ. ಮೇಡಂ ಮಾತ್ರ ನನ್ನನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಲಾನ್ ಬೌಲ್ಸ್ ಎಂಬ ಆಟದ ಶಿಬಿರಕ್ಕೆ ಕರೆದುಕೊಂಡು ಹೋದರು. ಹುಲ್ಲಿನ ಮೇಲೆ ದೂರದಲ್ಲಿ ಒಂದು ಸಣ್ಣ ಬಿಳಿ ಚೆಂಡು ಇರುತ್ತದೆ. ಕೈತುಂಬುವಷ್ಟು ದಪ್ಪದ, ಕಲ್ಲಿನಷ್ಟು ಗಟ್ಟಿಯಾದ ಬೌಲನ್ನು ಉರುಳಿಸಿ ಅದರ ಹತ್ತಿರ ನಿಲ್ಲಿಸಬೇಕು. ಬೌಲು ನೆಟ್ಟಗೆ ಹೋಗುವುದಿಲ್ಲ, ವೇಗ ತಗ್ಗಿದಂತೆ ಒಂದು ಕಡೆಗೆ ವಾಲುತ್ತದೆ. ಶಾಂತವಾದ ಆಟ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದರ ಶಾಂತಿಯಲ್ಲ. ಎದುರಾಳಿ ತಾಳ್ಮೆಯಿಂದ ಬಿಳಿ ಚೆಂಡಿನ ಸುತ್ತ ತನ್ನ ಬೌಲುಗಳನ್ನು ಜೋಡಿಸಿರುತ್ತಾಳೆ. ಆಗ ಮೈಯ ಬಲವನ್ನೆಲ್ಲ ಹಾಕಿ ಒಂದು ಏಟು ಬಿಟ್ಟರೆ ಎಲ್ಲವೂ ಚದುರಿ ಹುಲ್ಲಿನಂಕಣದ ಅಂಚಿನ ಕಾಲುವೆಗೆ ಬೀಳುತ್ತವೆ. ಅದಕ್ಕೆ ಡ್ರೈವ್ ಅನ್ನುತ್ತಾರೆ. ಆ ಏಟಿನಿಂದಲೇ ನಾನು ರಾಜ್ಯದ ಚಾಂಪಿಯನ್ ಆದೆ.

ನಮ್ಮ ಮನೆ ಯಸಳೂರಿನ ಮೇಲಿನ ಗುಡ್ಡದಲ್ಲಿತ್ತು. ಅಪ್ಪ ಸತ್ತ ಮೇಲೆ ತೋಟವೂ ಮನೆಯೂ ಅಣ್ಣನ ಕೈಗೆ ಹೋಗಿದ್ದವು. ಸಾರಿಗೆ ಉಪ್ಪು ಹೆಚ್ಚಾದರೆ ಅವ್ವನಿಗೆ ಹೊಡೆಯುತ್ತಿದ್ದ. ಕೋಳಿ ಹಿಡಿಯಿತೆಂದು ಮನೆಯ ನಾಯಿಯನ್ನು ಗುದ್ದಲಿ ಕಾವಿನಿಂದ ಬಡಿದು ಕೊಂದ. ನಾನು ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತಿದ್ದ ಪಕ್ಕದ ಎಸ್ಟೇಟಿನ ಸ್ಟೋರಿನಲ್ಲಿ ಹಳೆಯ ಕಾರ್ಪೆಟ್ ಹಾಸಿ ಅಭ್ಯಾಸ ಮಾಡುತ್ತಿದ್ದೆ. ವಾಪಸ್ಸು ಬಂದರೆ ಒಂದೊಂದು ದಿನ ಅವನ ಬೆಲ್ಟು ಬಾಗಿಲಲ್ಲೇ ಕಾಯುತ್ತಿತ್ತು. 'ಗೋಲಿ ಆಡಕ್ಕೆ ಊರೂರು ತಿರುಗ್ತಾಳೆ' ಅನ್ನುತ್ತಿದ್ದ. ಒಳಾಂಗಣದ ರಾಷ್ಟ್ರೀಯ ಪಂದ್ಯದಲ್ಲಿ ನಾನು ಚಿನ್ನ ಗೆದ್ದು ಬಂದ ರಾತ್ರಿಯೂ ಹೊಡೆದ.

ಆಮೇಲೆ ಭಾರತ ತಂಡದ ಶಿಬಿರಕ್ಕೆ ಆಯ್ಕೆಯಾದೆ. ಹೊರಡುವ ದಿನ ಬೆಳಿಗ್ಗೆ ಚೀಲ ಕಟ್ಟುತ್ತಿದ್ದಾಗ ಅಣ್ಣ ಒಳಗೆ ಬಂದ.

'ಕೆ. ಹೊಸಕೋಟೆಯೋರು ನಾಳೆ ಹೆಣ್ಣು ನೋಡಕ್ಕೆ ಬತ್ತಾರೆ. ಎಲ್ಲಿಗೂ ಹೋಗಂಗಿಲ್ಲ.'

'ನಾನು ಹೋಗ್ತೀನಿ ಕಣಣ್ಣ. ಟಿಕೆಟ್ ಬಂದೈತೆ.'

'ಯಾವ ಕೈಲಿ ಆಡ್ತೀಯೇ?'

ಅವನು ಕೇಳಿದ್ದೇಕೆಂದು ನನಗೆ ಹೊಳೆಯಲಿಲ್ಲ. ಬಲಗೈ ಹಿಡಿದು ಎಳೆದ. ಮಂಡಿಯಿಂದ ನನ್ನ ಬೆನ್ನನ್ನು ಅದುಮಿ, ಅಂಗೈಯನ್ನು ಹೊಸ್ತಿಲ ಕಲ್ಲಿನ ಮೇಲೆ ಒತ್ತಿ ಹಿಡಿದ. ಚೀಲದಿಂದ ನನ್ನದೇ ಬೌಲು ತೆಗೆದು ಕುಟ್ಟಿದ. ಮೊದಲ ಏಟಿಗೆ ಕಿರುಚಿದೆ. ಅವನು ಮತ್ತೆ ಕುಟ್ಟಿದ.

ಅವ್ವ ಅಂಗಳದಲ್ಲಿ ಕಾಫಿ ಒಣಹಾಕುತ್ತಿದ್ದಳು. ಹಣ್ಣು ಹರಡುವ ಉದ್ದ ಹಿಡಿಯ ಹಲಗೆಯೊಂದಿಗೇ ಓಡಿ ಬಂದಳು. ಅಷ್ಟು ವರ್ಷ ಹೊಡೆಸಿಕೊಂಡವಳು ಹಲಗೆಯ ಅಂಚಿನಿಂದ ಅವನ ತಲೆಗೆ ಬಾರಿಸಿದಳು. ಅವನು ಗೋಡೆಗೆ ಒರಗಿ ಕೂತ. ಕಿವಿಯ ಮೇಲಿಂದ ರಕ್ತ ಇಳಿಯುತ್ತಿತ್ತು. ಅವ್ವ ಮತ್ತೆ ಹಲಗೆ ಎತ್ತಿದಳು.

'ಸಾಕು ಅವ್ವ' ಅಂದೆ.

'ಸಾಕಾಗಿಲ್ಲ ಕಣೆ' ಎಂದು ಅವನ ಹೆಗಲಿಗೆ ಇನ್ನೊಂದು ಹೊಡೆದಳು. ಆಮೇಲೆ ಹಲಗೆ ಬಿಸಾಕಿ ನನ್ನ ಕೈಗೆ ಟವೆಲ್ ಸುತ್ತಿದಳು. ಇಬ್ಬರೂ ಗುಡ್ಡ ಇಳಿದು ಬಸ್ಸು ಹತ್ತಿದೆವು. ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುವುದನ್ನು ಕಂಡ ಕಂಡಕ್ಟರು ಸಕಲೇಶಪುರದ ಆಸ್ಪತ್ರೆಯ ತನಕ ಎಲ್ಲೂ ಬಸ್ಸು ನಿಲ್ಲಿಸಲು ಬಿಡಲಿಲ್ಲ.

ನೆಂಟರು ವಾರ್ಡಿಗೆ ಬಂದು ರಾಜಿಯ ಮಾತಾಡಿದರು. 'ಅಣ್ಣ ತಂಗಿ ಜಗಳ, ಸ್ಟೇಷನ್ ಯಾಕೆ?' ಅವ್ವ ಹೇಳಿಕೆ ತೆಗೆದುಕೊಳ್ಳಲು ಬಂದಿದ್ದ ಪೊಲೀಸಿನವರ ಕಡೆ ತಿರುಗಿದಳು. 'ಅವ್ನ ತಲೆ ಒಡ್ದಿದ್ದು ನಾನೇ ಅಂತ ಬರ್ಕಳಿ ಸಾಮಿ. ಇವ್ಳ ಕೈ ಒಡ್ದಿದ್ದು ಅವ್ನು ಅಂತನೂ ಬರ್ಕಳಿ.' ಅವ್ವನ ಮೇಲೆ ಕೇಸಾಗಲಿಲ್ಲ. ಅಣ್ಣನಿಗೆ ಶಿಕ್ಷೆಯಾಯಿತು.

ನನ್ನ ಬೆರಳುಗಳಿಗೆ ತಂತಿ ಹಾಕಿ ಕೂಡಿಸಿದರೂ ಹಿಡಿತ ಬರಲಿಲ್ಲ. ಈಗಲೂ ಆ ಕೈಯಲ್ಲಿ ಲೋಟ ನಿಲ್ಲುವುದಿಲ್ಲ. ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಎಡಗೈಯಲ್ಲಿ ಆಟ ಕಲಿಯಲು ಕೂತೆ. ಬೌಲು ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಂದು ದಿನ ಸಿಟ್ಟಿಗೆ ಅದನ್ನು ಗೋಡೆಗೆ ಬೀಸಿದೆ, ಗಾರೆ ಉದುರಿತು. ಅವ್ವ ಗುಡಿಸಿ ಹಾಕಿ ಬೌಲನ್ನು ಮತ್ತೆ ನನ್ನ ಮುಂದಿಟ್ಟಳು.

ಎಡಗೈಗೆ ಡ್ರೈವಿನ ಬಲ ಕೊನೆಗೂ ಬರಲಿಲ್ಲ. ಮೆಲ್ಲಗೆ ಬಿಟ್ಟು, ಬೌಲು ವಾಲುತ್ತ ವಾಲುತ್ತ ಚೆಂಡಿನ ಪಕ್ಕಕ್ಕೆ ಹೋಗಿ ನಿಲ್ಲುವ ತನಕ ಕಾಯುವುದೊಂದೇ ಉಳಿದಿತ್ತು. ಮತ್ತೆ ರಾಷ್ಟ್ರೀಯ ಫೈನಲ್ ತಲುಪಿದಾಗ ಎದುರಾಳಿ ಹುಡುಗಿ ನನ್ನ ಹಾಗೇ ಇದ್ದಳು, ಹಳೆಯ ನನ್ನ ಹಾಗೆ. ನಾನು ಇಟ್ಟದ್ದನ್ನೆಲ್ಲ ಒಡೆದು ಹಾಕುತ್ತಿದ್ದಳು. ಪ್ರತಿ ಏಟಿನ ಸದ್ದಿಗೂ ಬಲಗೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವಳನ್ನು ಹೊಡೆಯಬೇಕೆನಿಸುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಮತ್ತೆ ಹತ್ತಿರಕ್ಕೇ ಇಟ್ಟೆ. ಕೊನೆಯ ಸುತ್ತಿನಲ್ಲಿ ಅವಳ ಡ್ರೈವ್ ಕೂದಲೆಳೆಯಷ್ಟು ತಪ್ಪಿತು. ನಾನು ಗೆದ್ದೆ.

ಹೋದ ವರ್ಷ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಎದುರಾದ. ಜೈಲಿನಿಂದ ಬಂದು ಬಹಳ ದಿನವಾಗಿತ್ತು.

'ಎಡಗೈಲಿ ಗೆದ್ಯಂತೆ' ಅಂದ.

'ಹೂಂ.'

'ಅವ್ವ ಹೆಂಗವ್ಳೆ?'

'ಚೆನ್ನಾಗವ್ಳೆ. ನಿನ್ನ ಕೇಳಲ್ಲ.'

ಅವನು ಕೈ ಎತ್ತಿದ, ತಲೆ ಕೆರೆದುಕೊಳ್ಳಲೋ ಏನೋ. ಅಷ್ಟರಲ್ಲಿ ನಾನು ಒಂದು ಹೆಜ್ಜೆ ಹಿಂದೆ ಸರಿದು ಎಡಗೈ ಮುಷ್ಟಿ ಬಿಗಿದಿದ್ದೆ. ಅವನು ಅದನ್ನು ನೋಡಿದ. ಕೈ ಇಳಿಸಿ ಯಸಳೂರಿನ ಬಸ್ಸಿನ ಕಡೆಗೆ ಹೋದ. ಹಾಸನದ ಬಸ್ಸಿನಲ್ಲಿ ಕೂತ ಮೇಲೂ ಮುಷ್ಟಿ ಬಿಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು.