ಸಾಕ್ಷಿ ತಿದ್ದಿದವರು

ನಮ್ಮ ಫೌಂಡ್ರಿ ಅಂಕಲ್‌ಗೆ ಹುಬ್ಬುಗಳೇ ಇರಲಿಲ್ಲ. ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಮೂವತ್ತು ವರ್ಷ ಕರಗಿದ ಕಬ್ಬಿಣದ ಮುಂದೆ ನಿಂತು ಅವು ಉದುರಿಹೋಗಿದ್ದವಂತೆ. ಹಾಗಾಗಿ ಅವರಿಗೆ ಕೋಪ ಬಂದಿದೆಯೋ ಆಶ್ಚರ್ಯವಾಗಿದೆಯೋ ಎಂದು ಮುಖ ನೋಡಿ ಹೇಳುವುದು ಕಷ್ಟವಿತ್ತು. ನಾನಂತೂ ಒಂದು ವರ್ಷ ಸುಮ್ಮಸುಮ್ಮನೆ ಹೆದರಿದ್ದೇನೆ.

ನಾನು ದೀಕ್ಷಾಸ್ನಾನ ತೆಗೆದುಕೊಂಡ ಹೊಸತು ಅದು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ, ಮನೆ ನವುಲೆ. ಅಪ್ಪನದು ಅಲ್ಲೇ ಮಿಕ್ಸಿ ರಿಪೇರಿ ಅಂಗಡಿ. ಹಣೆಗೆ ವಿಭೂತಿ ಇಡದೆ ಶಟರ್ ಎತ್ತಿದವರಲ್ಲ. ನಾನು ಕ್ರೈಸ್ತನಾದೆ ಎಂದಾಗ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ "ಭಾನುವಾರ ತಿಂಡಿ ತಿಂದ್ಕೊಂಡು ಹೋಗ್ತೀಯೋ, ಬಂದು ತಿಂತೀಯೋ?" ಎಂದು ಕೇಳಿದ್ದರು. ಅಷ್ಟೇ.

ಹೊಸಬನಾದ ನನ್ನನ್ನು ಪಾಸ್ಟರ್ ಈ ಅಂಕಲ್‌ಗೆ ಒಪ್ಪಿಸಿದರು. ಪ್ರತಿ ಗುರುವಾರ ಕೆಲಸ ಮುಗಿಸಿ ಭದ್ರಾವತಿಯ ಅವರ ಮನೆಗೆ ಹೋಗುತ್ತಿದ್ದೆ. ಅವರ ಮನೆಮಾತು ತಮಿಳು. ಕನ್ನಡ ಬೈಬಲನ್ನು ಸಾಲಿನ ಕೆಳಗೆ ಬೆರಳಿಟ್ಟು, ಮಹಾಪ್ರಾಣಗಳನ್ನೆಲ್ಲ ನುಂಗಿ ಓದುತ್ತಿದ್ದರು. ದೊಡ್ಡ ಬೋಧನೆಯೇನಿಲ್ಲ. ನಾಲ್ಕು ವಚನ ಓದಿ, ಕನ್ನಡಕ ತೆಗೆದು, "ಮನೇಲಿ ಅಪ್ಪ ಹೇಗಿದ್ದಾರೆ ತಂಬಿ?" ಎನ್ನುತ್ತಿದ್ದರು. ನಾನು ಲೋಕಾಂತ್ಯದ ಬಗ್ಗೆ ಕೇಳಬೇಕೆಂದು ಹೋದರೆ ಅವರು ಅಪ್ಪನ ಮಂಡಿನೋವಿನ ಬಗ್ಗೆ ಕೇಳುತ್ತಿದ್ದರು. ನನಗೆ ರೇಗುತ್ತಿತ್ತು.

ನಮ್ಮಲ್ಲಿ ಹೊಸಬರು ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳುತ್ತಾರೆ: ಮೊದಲು ಹೇಗಿದ್ದೆ, ದೇವರು ಹೇಗೆ ಬದಲಾಯಿಸಿದ ಎಂದು. ನನ್ನ ಬಾಳಿನಲ್ಲಿ ಹೇಳಿಕೊಳ್ಳುವಂಥ ಪಾಪವೇ ಇರಲಿಲ್ಲ. ಅಪ್ಪ ವರ್ಷಕ್ಕೊಮ್ಮೆ ಗೆಳೆಯರ ಜೊತೆ ಬಿಯರ್ ಕುಡಿಯುತ್ತಿದ್ದರು, ಅದನ್ನೇ ಹಿಡಿದುಕೊಂಡೆ. ಮೊದಲ ಸಲ ಅಪ್ಪ ಆಗಾಗ ಕುಡಿಯುತ್ತಿದ್ದರು. ಎರಡನೆಯ ಸಲ ದಿನಾ. ಮೂರನೆಯ ಸಲ, ಬೇರೆ ಚರ್ಚುಗಳವರೂ ಸೇರಿದ್ದ ಕೂಟದಲ್ಲಿ, ಅಮ್ಮನ ಮೇಲೆ ಕೈಯನ್ನೂ ಎತ್ತಿಬಿಟ್ಟರು. ಹೆಂಗಸರು ಅತ್ತರು, ಸ್ತೋತ್ರ ಸ್ತೋತ್ರ ಎಂದರು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ. ಅಂಕಲ್ ಮಾತ್ರ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದರು.

ಅದೇ ವಾರ ಅವರು ಹೇಳದೆ ಕೇಳದೆ ನವುಲೆಗೆ ಬಂದರು. ಅಪ್ಪ ಅವರನ್ನು ಅಂಗಡಿಯಲ್ಲಿ ಕೂರಿಸಿಕೊಂಡು ನನ್ನನ್ನು ಹಾಲು ತರಲು ಕಳಿಸಿದರು. ಬರುವಷ್ಟರಲ್ಲಿ ಇಬ್ಬರೂ ಬಿಚ್ಚಿಟ್ಟ ಮಿಕ್ಸಿಯೊಂದರ ಮೇಲೆ ಬಗ್ಗಿ ಕೂತಿದ್ದರು. ಕಾಫಿ ಕುಡಿದು ಹೊರಟವರ ಜೊತೆ ಬಸ್‌ಸ್ಟಾಪಿನವರೆಗೆ ಹೋದೆ.

"ಆ ಕುಡುಕ ಎಲ್ಲಿ ಮಾರಾಯ? ಹುಡುಕ್ದೆ, ನನಗೆ ಸಿಗ್ಲಿಲ್ಲ" ಎಂದರು.

ಬಸ್ ಬಂತೇನೋ ಎಂಬಂತೆ ನಾನು ರಸ್ತೆಯ ಕಡೆ ನೋಡಿದೆ.

"ಸಾಕ್ಷಿ ಅಂದ್ರೆ ಕಂಡಿದ್ದು ಹೇಳೋದು ತಂಬಿ. ಕಾಣದ್ದು ಹೇಳಿದ್ರೆ ಕೋರ್ಟಲ್ಲಿ ಒಳಗೆ ಹಾಕ್ತಾರೆ, ನಮ್ಮಲ್ಲಿ ಚಪ್ಪಾಳೆ ತಟ್ತಾರೆ. ಕೂಟದಲ್ಲಿ ಹೇಳಿದ್ದನ್ನ ಕೂಟದಲ್ಲೇ ಸರಿ ಮಾಡು. ಆದ್ರೆ ಮೊದ್ಲು ಅಪ್ಪನ ಹತ್ರ."

ಬಾಯಿ ಬಿಡಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ಗುರುವಾರಗಳಲ್ಲಿ ಅಂಕಲ್ ಒತ್ತಾಯಿಸಲಿಲ್ಲ. ಆದರೆ ಅಪ್ಪ ಹೇಗಿದ್ದಾರೆ ಎಂದು ಕೇಳುವುದನ್ನು ನಿಲ್ಲಿಸಿಬಿಟ್ಟರು. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಕೊನೆಗೊಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. "ಸರಿ, ಊಟ ಮಾಡು" ಎಂದರು. ಮುಂದಿನ ಕೂಟದಲ್ಲಿ ಎದ್ದು ನಿಂತು, ನಮ್ಮಪ್ಪ ಕುಡುಕರಲ್ಲ, ಅಮ್ಮನಿಗೆ ಹೊಡೆದವರಲ್ಲ, ನಾನು ಹೇಳಿದ್ದು ಸುಳ್ಳು ಎಂದೆ. ಯಾರೂ ಸ್ತೋತ್ರ ಎನ್ನಲಿಲ್ಲ. ಅಂಕಲ್ ಒಬ್ಬರೇ ಆಮೆನ್ ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಅಪ್ಪ ಅಂಗಡಿ ಮುಚ್ಚಿ ನನ್ನ ಜೊತೆ ಭದ್ರಾವತಿಗೆ ಬಂದು, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಗುಂಡಿಗೆ ಹಿಡಿ ಮಣ್ಣು ಹಾಕಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತಲೇ ಹೇಳಿದರು:

"ನೀನು ನನ್ನನ್ನ ಕುಡುಕ ಅಂದಿದ್ದು ನನಗೆ ಆ ವಾರಾನೇ ಗೊತ್ತಾಗಿತ್ತು. ಕೂಟಕ್ಕೆ ಹೋಗಿದ್ದ ಗಿರಾಕಿ ಒಬ್ರು ಬಂದು ಹೇಳಿದ್ರು. ಮನೆ ಬಿಟ್ಟು ಹೋಗು ಅನ್ನೋಣ ಅಂತಿದ್ದೆ ನಿನಗೆ. ಇವರು ಅಂಗಡಿಗೆ ಬಂದಾಗ ಕೇಳ್ದೆ, ನೀನು ಹಾಗಂದಿದ್ದು ನಿಜಾನಾ ಅಂತ. 'ನಿಜ ಸಾರ್. ಅವನೇ ಬಂದು ನಿಮ್ಮ ಹತ್ರ ಹೇಳ್ತಾನೆ, ಅಲ್ಲೀವರೆಗೂ ಕಾಯ್ರಿ' ಅಂತ ಕೈ ಮುಗಿದ್ರು."

ನನಗೆ ಅಳು ಬಂತು. ಆ ಒಂದೂವರೆ ತಿಂಗಳೂ ಅಪ್ಪ ದಿನಾ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ದರು, ಇನ್ನೊಂಚೂರು ಸಾರು ಹಾಕಿಸ್ಕೋ ಎನ್ನುತ್ತ.